ಎರಡು ಬಟನ್, 24 ಪದ: ಹಾರ್ಡ್‌ವೇರ್ ವಾಲೆಟ್ ಜೊತೆ ಮೂರು ವರ್ಷ

ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ ಖರ್ಚು ಮಾಡಲು ಬೇಕಾದ ರಹಸ್ಯ ಕೀಗಳನ್ನು ಇಂಟರ್‌ನೆಟ್‌ನಿಂದ ದೂರ ಇಡುವ ಪುಟ್ಟ ಸಾಧನ ಇದು. ಚಿಪ್ ಯಾವುದು, ಎಷ್ಟು ಬಗೆಯ ಕಾಯಿನ್ ಹಿಡಿಸುತ್ತದೆ ಅನ್ನುವುದೆಲ್ಲ ಡಬ್ಬದ ಮೇಲೇ ಇದೆ. ನಾನು ಬರೆಯುತ್ತಿರುವುದು ಇದರ ಎರಡು ಬಟನ್ ಬಗ್ಗೆ.

ಉಗುರಿನ ತುದಿಯಲ್ಲಿ ಒತ್ತಬೇಕಾದಷ್ಟು ಚಿಕ್ಕವು. ಪಿನ್ ಹಾಕಲು ಎಡಕ್ಕೆ ಬಲಕ್ಕೆ ಒತ್ತುತ್ತಾ ಅಂಕಿ ತಿರುಗಿಸಬೇಕು, ಬೇಕಾದ್ದು ಬಂದಾಗ ಎರಡನ್ನೂ ಒಟ್ಟಿಗೆ ಒತ್ತಬೇಕು. ನನ್ನದು ಎಂಟು ಅಂಕಿಯ ಪಿನ್. ನಾನು ತಿಂಗಳಿಗೊಮ್ಮೆ ಸ್ವಲ್ಪ ಬಿಟ್‌ಕಾಯಿನ್ ಕೊಂಡು ಇದರಲ್ಲಿ ಹಾಕಿಡುವವನು, ಹಾಗಾಗಿ ಹೇಗೋ ಸಹಿಸಿದೆ. ದಿನಾ ಕೊಂಡು ಮಾರುವವರಿಗೆ ಇದು ತಲೆನೋವೇ.

ಎರಡನೇ ವರ್ಷ ಒಂದು ರಾತ್ರಿ ನಿದ್ದೆಗಣ್ಣಲ್ಲಿ ಮೂರು ಸಲ ಪಿನ್ ತಪ್ಪಾಯಿತು. ಮೂರು ತಪ್ಪಾದರೆ ಇದು ಒಳಗಿನ ಕೀಗಳನ್ನು ಅಳಿಸಿಬಿಡುತ್ತದೆ. ಕದ್ದವನಿಗೆ ಸಿಗಬಾರದು ಅಂತ ಮಾಡಿದ್ದು, ಸರಿ. ಕದ್ದವನ ಜಾಗದಲ್ಲಿ ನಾನಿದ್ದೆ, ಅಷ್ಟೇ. ಕಾಯಿನ್ ಎಲ್ಲೂ ಹೋಗುವುದಿಲ್ಲ, ಎಲ್ಲರ ಲೆಕ್ಕ ಇರುವ ಸಾರ್ವಜನಿಕ ಖಾತೆಪುಸ್ತಕವಾದ ಬ್ಲಾಕ್‌ಚೈನ್‌ನಲ್ಲೇ ಇರುತ್ತದೆ. ಮೊದಲ ದಿನ ಸಾಧನವೇ ತೋರಿಸಿದ 24 ಇಂಗ್ಲಿಷ್ ಪದ ಬರೆದಿಟ್ಟ ಕಾರ್ಡ್ ಇದ್ದರೆ ಕೀ ಮರಳಿ ಬರುತ್ತದೆ. ಕಾರ್ಡ್ ಇತ್ತು. ಒಂದೊಂದೇ ಅಕ್ಷರ ಒತ್ತಿ ಮುಕ್ಕಾಲು ಗಂಟೆ ಕೂತೆ. ಕೊನೆಗೆ 'ಪದಗಳು ಸರಿಯಿಲ್ಲ' ಅಂತ ಬಂತು.

ಎದೆ ಧಸಕ್ಕೆಂದಿತು. ಇನ್ನೊಮ್ಮೆ ಹಾಕಿದೆ. ಮತ್ತೆ ಅದೇ.

ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿದರೆ ಐದು ನಿಮಿಷದ ಕೆಲಸ ಅಲ್ವಾ ಅನ್ನಿಸಿತು. ಹುಡುಕಿ ಒಂದು ಪುಟ ತೆರೆದೂ ಬಿಟ್ಟೆ. 24 ಖಾಲಿ ಚೌಕ, ಕೆಳಗೆ 'ರಿಕವರ್' ಅಂತ ಹಸಿರು ಬಟನ್. ಮೊದಲ ಪದ ಅರ್ಧ ಟೈಪ್ ಮಾಡಿ ನಿಲ್ಲಿಸಿದೆ. ಪದ ಸಿಕ್ಕವನಿಗೆ ಕಾಯಿನ್ ಸಿಕ್ಕಂತೆ. ಗಾಬರಿಯಲ್ಲಿರುವವನು ತಾನಾಗಿ ಬರೆದು ಕೊಡಲಿ ಅಂತಲೇ ಇಂಥ ಪುಟಗಳು ಬಲೆ ಹಾಸಿ ಕೂತಿರುತ್ತವೆ. ಚಿಪ್ ಒಡೆಯುವ ಕಷ್ಟ ಯಾವ ಹ್ಯಾಕರ್‌ಗೆ ಬೇಕು? ಪುಟ ಮುಚ್ಚಿ ಮತ್ತೆ ಆ ದರಿದ್ರ ಬಟನ್‌ಗಳ ಕಡೆಗೇ ಬಂದೆ. ಅವುಗಳ ಮೇಲಿನ ಸಿಟ್ಟು ಇಳಿದದ್ದು ಅಲ್ಲೇ.

ತಪ್ಪು ಸಿಕ್ಕಿದ್ದು 17ನೇ ಪದದಲ್ಲಿ. ನನ್ನ ಕೋಳಿಕಾಲು ಬರಹದಲ್ಲಿ 'ವೈರ್' ಇದ್ದದ್ದನ್ನು 'ವೈನ್' ಅಂತ ಓದಿದ್ದೆ. ಇಂಗ್ಲಿಷಿನ ಆರ್ ಮತ್ತು ಎನ್ ನನ್ನ ಕೈಯಲ್ಲಿ ಅವಳಿಜವಳಿ. ಈ ಪದಗಳನ್ನು ಆರಿಸುವ 2048 ಪದಗಳ ಪಟ್ಟಿಯಲ್ಲಿ ಎರಡೂ ಇವೆ, ಹಾಗಾಗಿ ಹಾಕುವಾಗ ತಕರಾರು ಬರಲಿಲ್ಲ. ಕೊನೆಯ ಪದದಲ್ಲಿ ಉಳಿದವನ್ನು ತಾಳೆ ನೋಡುವ ಒಂದು ಲೆಕ್ಕ ಅಡಗಿರುತ್ತದೆ, ತಪ್ಪು ಹಿಡಿದದ್ದು ಅದು. ಅದೂ ಸುಮಾರು 256ಕ್ಕೆ ಒಂದು ತಪ್ಪನ್ನು ಬಿಟ್ಟುಬಿಡುತ್ತದೆ. ಹಾಗಾಗಿದ್ದರೆ ಖಾಲಿ ವಾಲೆಟ್ ತೆರೆದುಕೊಳ್ಳುತ್ತಿತ್ತು, ಯಾರೋ ದೋಚಿದರು ಅಂತ ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ.

ಆಮೇಲೆ ಪದಗಳನ್ನು ಕೊರೆದಿಡಲು ಸ್ಟೀಲ್ ತಗಡು ತಂದೆ. ಪಟ್ಟಿಯ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ, ಹಾಗಾಗಿ ನಾಲ್ಕೇ ಕೊರೆದರೆ ಸಾಕು. ಭಾನುವಾರ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಬಾಗಿಲು ಹಾಕಿ, ಅಕ್ಷರದ ಪಂಚ್ ಮತ್ತು ಸುತ್ತಿಗೆ ಹಿಡಿದು ಕೂತೆ. ಎಲ್ಲ ದೊಡ್ಡಕ್ಷರ. ಒಂದು ಅಕ್ಷರಕ್ಕೆ ಒಂದೇ ಏಟು. ಎರಡನೇ ಏಟು ಕೊಟ್ಟರೆ ಪಕ್ಕದಲ್ಲಿ ನೆರಳು ಮೂಡುತ್ತದೆ. ಆರು ತಿಂಗಳಿಗೊಮ್ಮೆ ವಾಲೆಟ್‌ನದೇ ಆಪ್ ಆದ ರಿಕವರಿ ಚೆಕ್‌ನಲ್ಲಿ ತಗಡು ನೋಡಿಕೊಂಡು 24 ಪದ ಒತ್ತುತ್ತೇನೆ. ಒಳಗಿರುವುದನ್ನು ಅಳಿಸದೆಯೇ ತಾಳೆ ನೋಡಿ ಹೇಳುತ್ತದೆ. ಅದಿರುವುದು ಮೊದಲೇ ಗೊತ್ತಿದ್ದರೆ ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಬಟನ್‌ಗಲ್ಲ, ಜೊತೆಗೆ ಕೊಟ್ಟ ಕಾರ್ಡಿಗೆ. 'ದೊಡ್ಡಕ್ಷರದಲ್ಲಿ ಬರೆಯಿರಿ' ಅಂತ ಒಂದು ಸಾಲು ಹಾಕಲು ಏನು ಕಷ್ಟವಿತ್ತು? ನೀವು ಇಟ್ಟಿರುವುದು ಚೂರುಪಾರು ಆದರೆ ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ, ಫೋನ್ ವಾಲೆಟ್ ಸಾಕು. ಪದಗಳನ್ನು ಮಾತ್ರ ಫೋಟೋ ತೆಗೆಯಬೇಡಿ, ಕಾಗದದಲ್ಲಿ ಬರೆಯಿರಿ.

ಬಲಗಡೆ ಬಟನ್ ಈಗ ಒಮ್ಮೊಮ್ಮೆ ಅಂಟಿಕೊಳ್ಳುತ್ತದೆ, ವಾರಂಟಿ ಮುಗಿದಿದೆ. ಮತ್ತೆ ಕೊಂಡರೂ ಇದೇ. ಸೆಕೆಂಡ್ ಹ್ಯಾಂಡ್ ಮಾತ್ರ ಬೇಡವೇ ಬೇಡ. ಡಬ್ಬದಲ್ಲಿ ಮೊದಲೇ 24 ಪದ ಬರೆದಿಟ್ಟ ಕಾರ್ಡ್ ಸಿಕ್ಕರೆ, ಅದನ್ನು ಬರೆದವನ ಹತ್ತಿರವೂ ಒಂದು ಪ್ರತಿ ಇರುತ್ತದೆ.