ಲಿಬ್ರೆಆಫೀಸ್‌ಗೆ ಕನ್ನಡ ಸ್ಪೆಲ್‌ಚೆಕ್: ಸಿದ್ಧ ಪಟ್ಟಿ, ಬಲಕ್ಲಿಕ್ ನಿಘಂಟು, ಕೈಯಾರೆ ಕಟ್ಟಿದ ನಿಘಂಟು

ವರ್ಷವರ್ಷವೂ ಚಂದಾ ಕೇಳುವ ಆಫೀಸ್ ತಂತ್ರಾಂಶವನ್ನು ಬಿಟ್ಟು ಲಿಬ್ರೆಆಫೀಸ್‌ಗೆ ಬಂದ ಮೇಲೆ ನನಗೆ ಕೊರತೆಯೆನಿಸಿದ್ದು ಒಂದೇ ಒಂದು: ನಂಬಬಹುದಾದ ಕನ್ನಡ ಸ್ಪೆಲ್‌ಚೆಕ್. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಹಳೆಯ ಲ್ಯಾಪ್‌ಟಾಪ್, ಆಗಾಗ ಕೈಕೊಡುವ ಇಂಟರ್ನೆಟ್, ತಂತ್ರಾಂಶಕ್ಕೆಂದು ತೆಗೆದಿಡಲು ಹಣವಿಲ್ಲ. ಹಾಗಾಗಿ ಉಚಿತವಾಗಿ ಸಿಗುವ ಮೂರು ದಾರಿಗಳನ್ನೂ ನಿಜವಾದ ಕರಡುಗಳ ಮೇಲೆಯೇ ಪರೀಕ್ಷಿಸಿದೆ. ನನ್ನ ಒಲವು ಮೂರನೆಯದರ ಕಡೆಗೆ, ಅಂದರೆ ನಾವೇ ಕಟ್ಟಿಕೊಳ್ಳುವ ನಿಘಂಟಿನ ಕಡೆಗೆ. ಏಕೆಂದು ಹೇಳುತ್ತೇನೆ.

ಮೊದಲನೆಯದು ಸಿದ್ಧ ವಿಸ್ತರಣೆ. ಫೆಡೋರಾದಂತಹ ಲಿನಕ್ಸ್‌ಗಳಲ್ಲಿ ಲಿಬ್ರೆಆಫೀಸ್ ಬಳಸುವ ಕಾಗುಣಿತ ಪರೀಕ್ಷಕವಾದ ಹನ್‌ಸ್ಪೆಲ್‌ನ ಕನ್ನಡ ಪೊಟ್ಟಣ ಸಿಗುತ್ತದೆ; ಉಳಿದವರು ವಿಸ್ತರಣೆಯ ಒಎಕ್ಸ್‌ಟಿ ಫೈಲನ್ನು ಇಳಿಸಿಕೊಂಡು ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು. ಆಯ್ಕೆಗಳ ಭಾಷಾ ಪುಟದಲ್ಲಿ ಕನ್ನಡವನ್ನು ‘ಸಂಕೀರ್ಣ ಲಿಪಿ’ಯ ಸಾಲಿನಲ್ಲಿ ಆರಿಸಬೇಕು, ಇಲ್ಲದಿದ್ದರೆ ಪರೀಕ್ಷೆಯೇ ನಡೆಯುವುದಿಲ್ಲ.

ಹಾಕಿಕೊಂಡ ಕೂಡಲೇ ಪುಟ ಕೆಂಪು ಗೆರೆಗಳಿಂದ ತುಂಬಿಹೋಯಿತು. ಒಎಕ್ಸ್‌ಟಿ ಎನ್ನುವುದು ಹೆಸರು ಬದಲಿಸಿದ ಜಿಪ್ ಫೈಲ್ ಅಷ್ಟೇ, ಬಿಚ್ಚಿ ನೋಡಿದೆ. ಒಳಗೆ ಎರಡು ಮುಖ್ಯ ಫೈಲುಗಳಿರುತ್ತವೆ: ಪದಗಳ ಪಟ್ಟಿಯಿರುವ ಡಿಐಸಿ, ಪ್ರತ್ಯಯದ ನಿಯಮಗಳಿರುವ ಎಎಫ್ಎಫ್. ನನಗೆ ಸಿಕ್ಕಿದ್ದರಲ್ಲಿ ನಿಯಮಗಳ ಫೈಲು ಹೆಚ್ಚುಕಡಿಮೆ ಖಾಲಿ. ಪಟ್ಟಿಯಲ್ಲಿ ‘ಮನೆ’ ಇತ್ತು, ‘ಮನೆಯಲ್ಲಿ’ ಇತ್ತು, ‘ಮನೆಗಳಲ್ಲಿಯೂ’ ಇರಲಿಲ್ಲ. ಒಂದು ನಾಮಪದಕ್ಕೆ ಬಹುವಚನ, ಅದರ ಮೇಲೆ ವಿಭಕ್ತಿ, ಅದರ ಮೇಲೆ ಊ ಅಥವಾ ಏ ಸೇರುವ ಭಾಷೆಯಲ್ಲಿ ಬರಿಯ ಪಟ್ಟಿ ಎಷ್ಟು ಉದ್ದವಿದ್ದರೂ ಸಾಲದು. ಇದಕ್ಕಿಂತ ಕೆಟ್ಟದ್ದು, ‘ಆಶಿರ್ವಾದ’ದಂತಹ ತಪ್ಪು ರೂಪಗಳೂ ಆ ಪಟ್ಟಿಯೊಳಗೆ ಕುಳಿತಿದ್ದವು. ಸರಿಯಾದ ಪದಕ್ಕೆ ಗೆರೆ ಎಳೆದರೆ ಕಿರಿಕಿರಿ, ತಪ್ಪನ್ನು ಒಪ್ಪಿಕೊಂಡರೆ ಅಪಾಯ.

ಎರಡನೆಯದು ಲಿಬ್ರೆಆಫೀಸ್‌ನಲ್ಲೇ ಇರುವ ಬಳಕೆದಾರರ ನಿಘಂಟು. ಬಲಕ್ಲಿಕ್ ಮಾಡಿ ‘ನಿಘಂಟಿಗೆ ಸೇರಿಸು’ ಎಂದರೆ ಮುಗಿಯಿತು. ಆದರೆ ‘ತೀರ್ಥಹಳ್ಳಿ’ ಸೇರಿಸಿದರೆ ‘ತೀರ್ಥಹಳ್ಳಿಗೆ’ ಸೇರುವುದಿಲ್ಲ. 2018ರಲ್ಲಿ ಬಂದ 6.0 ಆವೃತ್ತಿಯಿಂದ ಒಂದು ಒಳ್ಳೆಯ ಸೌಲಭ್ಯವಿದೆ: ಹೊಸ ಪದದ ಪಕ್ಕದಲ್ಲಿ ಮಾದರಿ ಪದವೊಂದನ್ನು ಕೊಟ್ಟರೆ, ಮಾದರಿಗೆ ಹತ್ತುವ ಪ್ರತ್ಯಯಗಳೆಲ್ಲ ಹೊಸ ಪದಕ್ಕೂ ಹತ್ತುತ್ತವೆ. ತೀರ್ಥಹಳ್ಳಿಗೆ ‘ಹಳ್ಳಿ’ಯನ್ನು ಮಾದರಿಯಾಗಿ ಕೊಡಬಹುದು. ಅದಕ್ಕೆ ಮೂಲ ನಿಘಂಟಿನಲ್ಲಿ ‘ಹಳ್ಳಿ’ಗೆ ಪ್ರತ್ಯಯದ ನಿಯಮ ಇರಬೇಕಲ್ಲ! ಖಾಲಿ ಎಎಫ್ಎಫ್ ಇದ್ದಾಗ ಈ ಸೌಲಭ್ಯವೂ ಖಾಲಿ. ಪತ್ರ, ಅರ್ಜಿ, ಸಣ್ಣ ಲೇಖನ ಬರೆಯುವವರಿಗೆ ಇಷ್ಟು ಸಾಕಾಗಬಹುದು.

ಮೂರನೆಯದು ಎರಡೂ ಫೈಲುಗಳನ್ನು ನಾವೇ ಬರೆಯುವುದು. ಹನ್‌ಸ್ಪೆಲ್ ಹುಟ್ಟಿದ್ದೇ ಹಂಗೇರಿಯನ್ ಭಾಷೆಗಾಗಿ. ಅದೂ ನಮ್ಮದರಂತೆ ಪದದ ಬಾಲಕ್ಕೆ ಪ್ರತ್ಯಯ ಪೋಣಿಸುವ ಭಾಷೆ. ಹಾಗಾಗಿ ಕನ್ನಡಕ್ಕೆ ಬೇಕಾದ ಸಲಕರಣೆಗಳಲ್ಲಿ ಬಹುಪಾಲು ಅದರಲ್ಲಿವೆ. ಸಾದಾ ಟೆಕ್ಸ್ಟ್ ಎಡಿಟರ್ ಸಾಕು. ಡಿಐಸಿಯಲ್ಲಿ ಪದದ ಮುಂದೆ ಓರೆಗೆರೆ ಹಾಕಿ, ಎಎಫ್ಎಫ್‌ನ ಯಾವ ನಿಯಮ ಅದಕ್ಕೆ ಹತ್ತುತ್ತದೆಂದು ಹೇಳುವ ಗುರುತೊಂದನ್ನು ಇಡಬೇಕು. ಗುರುತುಗಳನ್ನು ಯುನಿಕೋಡ್‌ನಲ್ಲಿ ಇಡುತ್ತೇನೆಂದು ಮೊದಲೇ ಸಾರಿದರೆ ಕನ್ನಡದ ಅಕ್ಷರಗಳನ್ನೇ ಗುರುತಾಗಿ ಬಳಸಬಹುದು. ನನ್ನ ಡಿಐಸಿಯ ಕೆಲವು ಸಾಲುಗಳು ಹೀಗಿವೆ:

ಮನೆ/ಯ
ಮರ/ಮ
ಹುಡುಗ/ಹ
ಊರು/ಊ
ಹಸು/ವ

‘ಯ’ ಗುರುತಿನ ಪದಗಳಿಗೆ ಯನ್ನು, ಯಲ್ಲಿ, ಗೆ ಸೇರುತ್ತವೆ. ‘ಊ’ ಗುರುತಿಗೆ ಕೊನೆಯ ಉಕಾರ ಬಿದ್ದುಹೋಗಿ ಊರಿಗೆ, ಊರಿನಲ್ಲಿ ಆಗುತ್ತದೆ. ಶಾಲೆಯಲ್ಲಿ ಕಲಿತ ಲೋಪ, ಆಗಮಗಳನ್ನೇ ಇಲ್ಲಿ ಒಂದೊಂದು ಸಾಲಾಗಿ ಬರೆಯುತ್ತೇವೆ. ಕೊನೆಯ ಅಕ್ಷರ ನೋಡಿ ಗುರುತನ್ನು ತಾನಾಗಿ ಹಚ್ಚಿಬಿಡಬಹುದು ಎಂದುಕೊಳ್ಳಬೇಡಿ. ಮರ, ಹುಡುಗ ಎರಡೂ ಅಕಾರಾಂತವೇ, ಆದರೆ ಒಂದು ಮರಕ್ಕೆ, ಇನ್ನೊಂದು ಹುಡುಗನಿಗೆ. ಊರು, ಹಸು ಎರಡೂ ಉಕಾರಾಂತವೇ, ಆದರೆ ಊರಿಗೆ, ಹಸುವಿಗೆ. ಈ ವಿಂಗಡಣೆಯನ್ನು ಕನ್ನಡ ಬಲ್ಲವರು ಕೂತು ಮಾಡಲೇಬೇಕು. ಸಂಜೆ ಹೊತ್ತಿನಲ್ಲಿ ಒಂದಿಷ್ಟು ಒಂದಿಷ್ಟಾಗಿ ಮಾಡಿದೆ; ನನಗೆ ಅದು ಇಷ್ಟದ ಕೆಲಸ.

ಹನ್‌ಸ್ಪೆಲ್ ಎರಡು ಪದರದ ಪ್ರತ್ಯಯಗಳನ್ನಷ್ಟೇ ಬಿಡಿಸುತ್ತದೆ. ‘ಮನೆಗಳಲ್ಲಿಯೂ’ ಎಂಬಲ್ಲಿ ಮೂರು ಪದರಗಳಿವೆ. ಬಹುವಚನವನ್ನೂ ವಿಭಕ್ತಿಯನ್ನೂ ಬೆಸೆದು ‘ಗಳಲ್ಲಿ’, ‘ಗಳಿಗೆ’ ಎಂದು ಒಂದೇ ಪ್ರತ್ಯಯವಾಗಿ ಬರೆದರೆ ಉಳಿದ ಪದರ ಊ, ಏಗಳಿಗೆ ಸಿಗುತ್ತದೆ.

ಮೂಲಪದಗಳಿಗೆ ಅಲೆಯಬೇಕಾಗಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ಕೋಶ 2019ರಲ್ಲಿ ಮುಕ್ತ ಪರವಾನಗಿಯಡಿ ಹೊರಬಂದಿತು. ಅದರಲ್ಲಿ ಒಂದೂವರೆ ಲಕ್ಷ ನಮೂದುಗಳಿವೆ. ಆ ಪರವಾನಗಿಯ ಪ್ರಕಾರ, ಅದರಿಂದ ಕಟ್ಟಿದ ದತ್ತಾಂಶವನ್ನು ಹಂಚುವುದಾದರೆ ಅದೇ ಷರತ್ತಿನಲ್ಲಿ ಹಂಚಬೇಕು. ನಾನು ಅಲ್ಲಿಂದ ಬಳಕೆಯ ನಾಮಪದಗಳನ್ನು ಆಯ್ದುಕೊಂಡು, ನಾನೇ ತಿದ್ದಿ ಅಚ್ಚಾದ ಪುಸ್ತಕಗಳ ಫೈಲುಗಳನ್ನು ಹನ್‌ಸ್ಪೆಲ್‌ಗೆ ಉಣಿಸಿದೆ. ತನಗೆ ಗೊತ್ತಿಲ್ಲದ ಪದಗಳನ್ನು ಮಾತ್ರ ಪಟ್ಟಿ ಮಾಡಿಕೊಡುವ ಆಯ್ಕೆ ಅದರಲ್ಲಿದೆ. ಆ ಪಟ್ಟಿಯಿಂದಲೇ ನಿಘಂಟು ಬೆಳೆಯಿತು.

ಈಗ ಎಲ್ಲಕ್ಕಿಂತ ಹೆಚ್ಚು ಕಾಡಿದ ತೊಡಕಿನ ವಿಷಯ: ಸೊನ್ನೆ. ಹಳೆಯ ಆಸ್ಕಿ ಫಾಂಟಿನಿಂದ ಯುನಿಕೋಡ್‌ಗೆ ಪರಿವರ್ತಿಸಿದ ಕರಡುಗಳಲ್ಲಿ, ಅವಸರದಲ್ಲಿ ಬೆರಳಚ್ಚು ಮಾಡಿದವುಗಳಲ್ಲೂ, ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕುಳಿತಿರುತ್ತದೆ. ‘ಬೆಂಗಳೂರು’ ಬದಲು ‘ಬೆ೦ಗಳೂರು’. ಕಣ್ಣಿಗೆ ಎರಡೂ ಒಂದೇ. ಆದರೆ ಇ-ಪುಸ್ತಕದಲ್ಲಿ ಬೆಂಗಳೂರು ಎಂದು ಹುಡುಕಿದರೆ ಎರಡನೆಯದು ಸಿಗುವುದಿಲ್ಲ, ಪದಸೂಚಿ ಮಾಡಿದರೆ ಬೇರೆಲ್ಲೋ ಹೋಗಿ ಸೇರುತ್ತದೆ.

ಇಂಥದ್ದನ್ನು ಹಿಡಿಯುವುದಕ್ಕೇ ಅಲ್ಲವೇ ಸ್ಪೆಲ್‌ಚೆಕ್ ಇರುವುದು? ಆದರೆ ಈ ಪದಗಳ ಕೆಳಗೆ ಗೆರೆಯೇ ಬೀಳುತ್ತಿರಲಿಲ್ಲ. ಸಿದ್ಧ ವಿಸ್ತರಣೆಯಿದ್ದಾಗಲೂ ಇಲ್ಲ, ನನ್ನ ನಿಘಂಟು ಹಾಕಿದಾಗಲೂ ಇಲ್ಲ. ಕಾರಣ ನಿಘಂಟಿನಲ್ಲಿರಲಿಲ್ಲ, ಲಿಬ್ರೆಆಫೀಸ್‌ನ ಒಂದು ಆಯ್ಕೆಯಲ್ಲಿತ್ತು. ಅಂಕಿಗಳಿರುವ ಪದಗಳನ್ನು ಅದು ಪೂರ್ವನಿಯೋಜಿತವಾಗಿ ಪರೀಕ್ಷಿಸುವುದಿಲ್ಲ. ಕನ್ನಡದ ೦ ಕೂಡ ಅದರ ಲೆಕ್ಕದಲ್ಲಿ ಅಂಕಿಯೇ. ಹೀಗಾಗಿ ಬೆ೦ಗಳೂರು, ಸ೦ಜೆ, ಕ೦ಬ ಎಲ್ಲವೂ ಪರೀಕ್ಷೆಯನ್ನೇ ತಪ್ಪಿಸಿಕೊಂಡು ಅಚ್ಚಿನವರೆಗೂ ಹೋಗಬಲ್ಲವು.

ಬರವಣಿಗೆಯ ನೆರವಿನ ಪುಟದಲ್ಲಿ ‘ಅಂಕಿಗಳಿರುವ ಪದಗಳನ್ನು ಪರೀಕ್ಷಿಸು’ ಎಂಬುದಕ್ಕೆ ಟಿಕ್ ಹಾಕಿದೆ. ಸೊನ್ನೆಗಳು ಸಿಕ್ಕಿಬಿದ್ದವು. ಅವುಗಳ ಜೊತೆಗೆ ‘10ನೇ’, ‘25ರಂದು’, ‘1956ರಲ್ಲಿ’ ಎಲ್ಲಕ್ಕೂ ಗೆರೆ ಬಿತ್ತು! ಸಿದ್ಧ ವಿಸ್ತರಣೆಯಾಗಲಿ ಬಲಕ್ಲಿಕ್ ನಿಘಂಟಾಗಲಿ ಇಲ್ಲಿಗೆ ನಿಂತುಬಿಡುತ್ತವೆ. ಇಸವಿಗಳನ್ನೆಲ್ಲ ಒಂದೊಂದಾಗಿ ಸೇರಿಸುತ್ತ ಕೂರಲಾಗದು. ನಮ್ಮದೇ ಎಎಫ್ಎಫ್ ಇದ್ದರೆ ದಾರಿಯಿದೆ. ಇಂಗ್ಲಿಷ್ ನಿಘಂಟಿನಲ್ಲಿ ಅಂಕಿಯ ಜೊತೆಗೆ ಬರುವ ಕ್ರಮಸೂಚಕಗಳನ್ನು (1st, 2nd) ಸಮಾಸದ ನಿಯಮ ಬರೆದು ಒಪ್ಪಿಸಿದ್ದಾರೆ. ಅದೇ ಉಪಾಯದಿಂದ, ಎಷ್ಟೇ ಅಂಕಿಗಳ ನಂತರ ನೇ, ರಂದು, ರಲ್ಲಿ, ಕ್ಕೆ ಬಂದರೂ ಸರಿಯೆಂದು ಬರೆದೆ. ಈ ತುಣುಕುಗಳು ಒಂಟಿಯಾಗಿ ಬಂದರೆ ತಪ್ಪೆನ್ನಬೇಕು ಎಂಬ ಗುರುತನ್ನೂ ಹಚ್ಚಿದೆ. ಜೊತೆಗೆ ಎಎಫ್ಎಫ್‌ನಲ್ಲಿ ಸಲಹೆಗಳಿಗೆಂದು ಇರುವ ಬದಲಿ ಪಟ್ಟಿಯಲ್ಲಿ ೦ಗೆ ಅನುಸ್ವಾರವೆಂದು ಒಂದು ಸಾಲು ಸೇರಿಸಿದ್ದರಿಂದ, ಬೆ೦ಗಳೂರಿನ ಮೇಲೆ ಬಲಕ್ಲಿಕ್ ಮಾಡಿದರೆ ಸರಿಯಾದ ಬೆಂಗಳೂರು ಮೊದಲ ಸಲಹೆಯಾಗಿ ಬರುತ್ತದೆ. ಅದೇ ಪಟ್ಟಿಯಲ್ಲಿ ಬ–ಭ, ಲ–ಳ, ಶ–ಷ ಜೋಡಿಗಳೂ ಇವೆ. ‘ಬಾಷೆ’ಗೆ ‘ಭಾಷೆ’ ಸಿಗುತ್ತದೆ.

‘ಸಾಫ್ಟ್‌ವೇರ್’ನಂತಹ ಪದಗಳ ನಡುವೆ ಕೆಲವರು ಕಣ್ಣಿಗೆ ಕಾಣದ ವಿಭಜಕವನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಅದನ್ನು ಲೆಕ್ಕಿಸಬೇಡ ಎಂದು ಎಎಫ್ಎಫ್‌ನಲ್ಲಿ ಒಂದೇ ಸಾಲು ಬರೆದರೆ ಸಾಕು.

ವೇಗದಲ್ಲಿ ಮೂರಕ್ಕೂ ವ್ಯತ್ಯಾಸ ಕಾಣಲಿಲ್ಲ. ಒಂದೇ ಭಾಷೆಗೆ ಎರಡು ನಿಘಂಟುಗಳಿದ್ದರೆ, ಯಾವುದಾದರೂ ಒಂದು ಒಪ್ಪಿದ ಪದವನ್ನು ಲಿಬ್ರೆಆಫೀಸ್ ಸರಿಯೆಂದೇ ಬಿಡುತ್ತದೆ. ಹಾಗಾಗಿ ಸಿದ್ಧ ವಿಸ್ತರಣೆಯನ್ನು ತೆಗೆದುಹಾಕಿದೆ. ಅದರೊಳಗಿನ ತಪ್ಪುಗಳಿಗೆ ನನ್ನ ನಿಘಂಟು ಅಡ್ಡ ಬರಲಾರದು.

ದಿನಕ್ಕೊಂದು ಪತ್ರ ಬರೆಯುವವರು ಸಿದ್ಧ ವಿಸ್ತರಣೆ ಹಾಕಿಕೊಂಡು, ಊರು, ಹೆಸರುಗಳನ್ನು ಬಲಕ್ಲಿಕ್‌ನಿಂದ ಸೇರಿಸಿಕೊಳ್ಳಲಿ. ಕೂತು ನಿಯಮ ಬರೆಯುವ ಶ್ರಮ ಅವರಿಗೆ ಬೇಡ. ಪುಟಗಟ್ಟಲೆ ಕರಡು ನೋಡುವವರು ನನ್ನ ದಾರಿಗೆ ಬನ್ನಿ. ಖರ್ಚು ಸೊನ್ನೆ, ಸಮಯ ಮಾತ್ರ ಬೇಕು, ಅದೇ ಫೈಲುಗಳನ್ನು ಫೈರ್‌ಫಾಕ್ಸ್‌ಗೂ ಒಗ್ಗಿಸಬಹುದು. ಕ್ರಿಯಾಪದಗಳಿಗೆ ಮಾತ್ರ ನಾನಿನ್ನೂ ನಿಯಮ ಬರೆದಿಲ್ಲ. ಮಾಡು–ಮಾಡಿದ ಸರಳ, ಆದರೆ ಕೊಡು–ಕೊಟ್ಟ, ಬರು–ಬಂದ, ಹೋಗು–ಹೋದ ಎಂದು ಒಂದೊಂದೂ ಒಂದೊಂದು ದಾರಿ ಹಿಡಿಯುತ್ತವೆ. ಸದ್ಯಕ್ಕೆ ಹೆಚ್ಚು ಬಳಕೆಯ ರೂಪಗಳನ್ನು ಹಾಗೆಯೇ ಪಟ್ಟಿಗೆ ಸೇರಿಸಿದ್ದೇನೆ. ಮುಂದಿನ ಸರದಿ ಭೂತಕಾಲದ್ದು.