ಟೂರಿಂಗ್ ಬೈಕ್ ಸ್ಪೀಕರ್ ಬದಲಿಸಿದೆ, ಕಮ್ಮಿ ಖರ್ಚಲ್ಲಿ ಸಖತ್ ಸೌಂಡು

ನನ್ನ ಬೈಕ್ ಜೊತೆ ಬಂದಿದ್ದ ಸ್ಪೀಕರ್ ಗಂಟೆಗೆ 80 ಕಿಮೀ ದಾಟಿದ್ರೆ ಸಾಕು ಬರೀ ಒದರ್ತಿತ್ತು, ಹಾಡಿನ ಒಂದು ಪದನೂ ಕಿವಿಗೆ ಬೀಳ್ತಿರ್ಲಿಲ್ಲ. ಪೂರ್ತಿ ಸಿಸ್ಟಮ್ ಬದಲಾಯಿಸೋಷ್ಟು ದುಡ್ಡಿರ್ಲಿಲ್ಲ, ಹಾಗಾಗಿ ಹೆಡ್ ಯೂನಿಟ್ (ಹಾಡು ನುಡಿಸೋ ಮೇನ್ ಸ್ಟೀರಿಯೋ) ಮುಟ್ಟದೇ 6.5 ಇಂಚಿನ ಮರೀನ್ ಸ್ಪೀಕರ್ (ದೋಣಿಗಳಿಗೆ ಅಂತ ಮಾಡಿರೋದು) ಒಂದು ಜೊತೆ ಮಾತ್ರ ತಗೊಂಡೆ, ಯಾಕಂದ್ರೆ ಇವುಗಳ ಕೋನ್ (ಅದುರಿ ಸೌಂಡ್ ಮಾಡೋ ಭಾಗ) ಪ್ಲಾಸ್ಟಿಕ್‌ದು, ಮಳೇಲಿ ನೆಂದ್ರೂ ಪೇಪರ್ ಕೋನ್ ಥರ ಮೆತ್ತಗಾಗಲ್ಲ.

ತಗೊಳ್ಳೋವಾಗ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋ ವ್ಯಾಟ್ ನೋಡಿ ಮರುಳಾಗ್ಬೇಡಿ. ಸೆನ್ಸಿಟಿವಿಟಿ ನೋಡಿ, ಅಂದ್ರೆ ಇಂತಿಷ್ಟು ಪವರ್ ಕೊಟ್ರೆ ಸ್ಪೀಕರ್ ಎಷ್ಟು ಜೋರಾಗಿ ಕೇಳುತ್ತೆ ಅನ್ನೋ ಲೆಕ್ಕ. ಅದು 3 ಡೆಸಿಬಲ್ ಜಾಸ್ತಿ ಇದ್ರೆ ಅಷ್ಟೇ ಸೌಂಡಿಗೆ ಅರ್ಧ ಪವರ್ ಸಾಕು, ಅಂದ್ರೆ ಆಂಪ್ಲಿಫೈಯರ್ ಖರ್ಚೇ ಉಳೀತು! ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ) ಕೂಡ ಹಳೇದಕ್ಕೆ ಹೊಂದ್ಬೇಕು, ಹೆಡ್ ಯೂನಿಟ್ 4 ಓಮ್‌ಗೆ ಅಂತ ಇದ್ದು 2 ಓಮ್ ಸ್ಪೀಕರ್ ಹಾಕಿದ್ರೆ ಅದು ಬಿಸಿಯಾಗಿ ಸುಟ್ಟೋಗಬಹುದು.

ಫಿಟ್ ಮಾಡಿದ ಮೊದಲ ದಿನ ಬೇಸೇ ಇರ್ಲಿಲ್ಲ, ತುಂಬಾ ಬೇಜಾರಾಯ್ತು. ಬಿಚ್ಚಿ ನೋಡಿದ್ರೆ ಒಂದು ಕಡೆ ಸ್ಪೀಕರ್ ವೈರ್ ಪ್ಲಸ್ ಮೈನಸ್ ಅದಲು ಬದಲು, ಅದಕ್ಕೇ ಎರಡು ಸ್ಪೀಕರ್ ಒಂದಕ್ಕೊಂದು ಉಲ್ಟಾ ಅದುರಿ ಬೇಸ್ ಕಳ್ಕೊಳ್ತಿತ್ತು. ಸರಿ ಮಾಡಿ, ಸ್ಪೀಕರ್ ಸುತ್ತ ಗಾಳಿ ಸೋರದ ಹಾಗೆ ಫೋಮ್ ಟೇಪ್ ಅಂಟಿಸಿದೆ, ಫೇರಿಂಗ್ (ಬೈಕ್ ಮುಂದಿನ ಕವಚ) ಗಡಗಡ ಅನ್ನೋದೂ ನಿಂತೋಯ್ತು. ಆಮೇಲೆ ಈಕ್ವಲೈಜರ್‌ನಲ್ಲಿ ಬೇಸ್ ಸ್ವಲ್ಪ ಇಳಿಸಿದೆ, ಓಡಿಸುವಾಗ ಆ ದಪ್ಪ ಸೌಂಡನ್ನ ಹೆಂಗೂ ಗಾಳಿ ನುಂಗಿಬಿಡುತ್ತೆ, ಸ್ಪೀಕರ್ ಸುಮ್ನೆ ಒದ್ದಾಡುತ್ತೆ. ಈಗ ಹೈವೇಲೂ ಹಾಡು ಪದಪದವಾಗಿ ಕೇಳುತ್ತೆ. ಬೇಸ್ ಎದೆಗೆ ಬಡೀಬೇಕು ಅನ್ನೋರಿಗೆ ಇದು ಸಾಲಲ್ಲ, ನನಗಂತೂ ತುಂಬಾ ಖುಷಿ.