ಸರ್ಕಾರಿ ಕ್ಲೌಡ್‌ನ ಪ್ರಾಕ್ಟೀಸ್ ಅಕೌಂಟ್: ಜಾಗ ನಮಗೆ, ಒಟಿಪಿ ಸಾಹೇಬರಿಗೆ

ನಮ್ಮದು ಹುಬ್ಬಳ್ಳಿ ವಿದ್ಯಾನಗರದಲ್ಲಿ ಸಣ್ಣ ಸಾಫ್ಟ್‌ವೇರ್ ಆಫೀಸು. ಟೆಂಡರ್ ಹಿಡಿಯುವುದು ದೊಡ್ಡ ಕಂಪನಿ, ಅದರಲ್ಲೊಂದು ತುಣುಕು ನಮಗೆ. ಒಂದು ಇಲಾಖೆ (ಹೆಸರು ಬೇಡ, ಬಿಲ್ ಇನ್ನೂ ಬಾಕಿ ಇದೆ) ತನ್ನ ಕ್ಲೌಡ್‌ನಲ್ಲಿ ಹೊರಗಿನ ಗುತ್ತಿಗೆದಾರರಿಗೂ ಪ್ರಾಕ್ಟೀಸ್‌ಗೆ, ಅಂದರೆ ಸಾಫ್ಟ್‌ವೇರನ್ನು ಅಸಲಿ ಸರ್ವರ್‌ಗೆ ಹಾಕುವ ಮೊದಲು ಓಡಿಸಿ ನೋಡಲು, ಜಾಗ ಕೊಟ್ಟಿದೆ. ವರ್ಷದ ಮೇಲಾಯಿತು ಬಳಸುತ್ತಾ. ರ್‍ಯಾಮ್ ಎಷ್ಟು, ಡಿಸ್ಕ್ ಎಷ್ಟು ಅನ್ನುವುದೆಲ್ಲ ವರ್ಕ್ ಆರ್ಡರ್‌ನಲ್ಲೇ ಇರುತ್ತದೆ, ಬಿಡಿ.

ಮೊದಲು ಖುಷಿಯ ವಿಷಯ. ಇಲ್ಲಿನ ಫೈರ್‌ವಾಲ್, ಹಳೇ ಲಿನಕ್ಸ್, ಎಲ್ಲ ಅಸಲಿ ಸರ್ವರ್‌ನಲ್ಲಿ ಇರುವ ಹಾಗೆಯೇ. ಇಲ್ಲಿ ಓಡಿದ್ದು ಅಲ್ಲೂ ಓಡುತ್ತದೆ. ಮೊದಲು ಖಾಸಗಿ ಕ್ಲೌಡ್‌ನಲ್ಲಿ ನನ್ನದೇ ಕ್ರೆಡಿಟ್ ಕಾರ್ಡ್ ಹಾಕಿ ಟೆಸ್ಟ್ ಮಾಡುತ್ತಿದ್ದೆವು, ಶುಕ್ರವಾರ ಸರ್ವರ್ ಆಫ್ ಮಾಡದೆ ಯಾರಾದರೂ ಮನೆಗೆ ಹೋದರೆ ಸೋಮವಾರ ಬಿಲ್ ನೋಡಿ ನನಗೆ ಊಟ ಸೇರುತ್ತಿರಲಿಲ್ಲ. ಈಗ ಆ ಭಯ ಇಲ್ಲ. ಹೊಸ ಹುಡುಗರು ಡೇಟಾಬೇಸ್ ಅಳಿಸಲಿ, ಮತ್ತೆ ಕಟ್ಟಲಿ.

ಆದರೆ ಒಳಗೆ ಹೋಗುವುದು ಹೇಗೆ? ವಿಪಿಎನ್ (ಹೊರಗಿನಿಂದ ಇಲಾಖೆಯ ನೆಟ್‌ವರ್ಕ್‌ಗೆ ಹೋಗುವ ಸುರಕ್ಷಿತ ದಾರಿ), ಪಾಸ್‌ವರ್ಡ್, ಆಮೇಲೆ ಒಟಿಪಿ. ಅಕೌಂಟ್ ಸಿಗುವುದು ಸರ್ಕಾರಿ ಇಮೇಲ್ ಇದ್ದವರಿಗೆ ಮಾತ್ರ, ನಮ್ಮ ಹತ್ತಿರ ಅದಿಲ್ಲ. ಹಾಗಾಗಿ ಅಕೌಂಟ್ ಇಲಾಖೆಯ ಅಧಿಕಾರಿಯೊಬ್ಬರ ಹೆಸರಲ್ಲಿದೆ, ಒಟಿಪಿ ಅವರ ಮೊಬೈಲಿಗೆ. ಬಾಡಿಗೆಗೆ ಮನೆ ಕೊಟ್ಟು ಕೀಲಿ ಓನರ್ ಕಿಸೆಯಲ್ಲೇ ಇಟ್ಟುಕೊಂಡ ಹಾಗೆ.

ದಿನಾ ಬೆಳಗ್ಗೆ ಇದೇ ಪೂಜೆ. ಹತ್ತೂವರೆ ಆಗಲಿ ಅಂತ ಕಾಯುವುದು, ವಾಟ್ಸಾಪ್‌ನಲ್ಲಿ ಒಂದು ಗುಡ್ ಮಾರ್ನಿಂಗ್, ನೀಲಿ ಟಿಕ್ ಬಿದ್ದ ಮೇಲೆ "ಸರ್, ಒಟಿಪಿ ಕಳಿಸಲಾ?" ಅವರು ಹೂಂ ಅಂದ ಮೇಲೇ ಲಾಗಿನ್ ಒತ್ತುವುದು. ಧಾರವಾಡದ ಡಿಸಿ ಆಫೀಸಿನಲ್ಲಿ ಮೀಟಿಂಗ್ ಇದ್ದ ದಿನ ಕೆಲಸ ಮಧ್ಯಾಹ್ನಕ್ಕೇ ಶುರು. ಸುಮ್ನೆ ಬಿಟ್ಟರೆ ಸೆಷನ್ ಕಟ್ ಆಗುತ್ತದೆ, ಅದಕ್ಕೆ ಗಿರ್ಮಿಟ್ ತಿನ್ನಲು ಎಲ್ಲರೂ ಒಟ್ಟಿಗೆ ಹೋಗುವ ಹಾಗಿಲ್ಲ. ಒಬ್ಬ ಕೂತು ಮೌಸ್ ಅಲ್ಲಾಡಿಸಬೇಕು. ಅವನ ಪಾಲಿಗೆ ಮಿರ್ಚಿ ಕಟ್ಟಿಸಿಕೊಂಡು ಬರುತ್ತೇವೆ.

ಹೊರಗಿನವರನ್ನು ಸುಲಭಕ್ಕೆ ಬಿಡಬಾರದು ಅನ್ನುವುದನ್ನು ಒಪ್ಪುತ್ತೇನೆ. ಅಮೆರಿಕ ಸರ್ಕಾರದ ಕ್ಲೌಡ್ ಸೇವೆ ಕ್ಲೌಡ್.ಗವ್ ಕೂಡ ಉಚಿತ ಸ್ಯಾಂಡ್‌ಬಾಕ್ಸ್‌ಗೆ (ಇಂಥದೇ ಪ್ರಾಕ್ಟೀಸ್ ಜಾಗಕ್ಕೆ) ಸರ್ಕಾರಿ ಇಮೇಲನ್ನೇ ಕೇಳುತ್ತದೆ, 90 ದಿನಕ್ಕೆ ಅಲ್ಲಿದ್ದದ್ದನ್ನೆಲ್ಲ ಅಳಿಸುತ್ತದೆ. ಸರಿ. ಆದರೆ 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು, ಅಂದರೆ ಸಿಸ್ಟಮ್‌ನಲ್ಲಿ ನಡೆದದ್ದರ ದಾಖಲೆಯನ್ನು, 180 ದಿನ ಇಡಬೇಕು. ಯಾರು ಏನು ಮಾಡಿದರು ಅಂತ ಗೊತ್ತಾಗಲಿ ಅಂತ ತಾನೇ ಅದು? ನಮ್ಮ ಲಾಗ್ ತೆಗೆದು ನೋಡಿದರೆ ರಾತ್ರಿ ಒಂಬತ್ತಕ್ಕೆ ಟೇಬಲ್ ಅಳಿಸಿದ್ದು, ಪೋರ್ಟ್ ತೆರೆದದ್ದು ಎಲ್ಲ ಸಾಹೇಬರೇ. ಅವರು ಆಗ ಮನೆಯಲ್ಲಿ ಊಟ ಮಾಡುತ್ತಿರುತ್ತಾರೆ. ಭದ್ರತೆಗೆ ಅಂತ ಮಾಡಿದ ನಿಯಮದಿಂದ ಭದ್ರತೆಯೇ ಹೋಯಿತು, ಅಲ್ವಾ?

ಬೇರೆ ರೀತಿ ಆಗುವುದಿಲ್ಲ ಅಂತಲ್ಲ. 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದ ವಹಿವಾಟಿಗೂ ಜಿಎಸ್‌ಟಿಯ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಕಡ್ಡಾಯವಾದಾಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ಮಾಡಿಕೊಟ್ಟೆವು. ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಇ-ಇನ್‌ವಾಯ್ಸ್ ಸ್ಯಾಂಡ್‌ಬಾಕ್ಸ್‌ನಲ್ಲಿ ಬೇಕಾದಷ್ಟು ಸುಳ್ಳು ಬಿಲ್ ಹಾಕಿ, ಐಆರ್‌ಎನ್ (ಬಿಲ್‌ನ ನೋಂದಣಿ ಸಂಖ್ಯೆ) ತೆಗೆದು, ರದ್ದು ಮಾಡಿ ನೋಡಿದೆವು. ಯಾವ ಸಾಹೇಬರ ಊಟವನ್ನೂ ಕೆಡಿಸಲಿಲ್ಲ.

ಇಷ್ಟೆಲ್ಲ ಬೈದರೂ ಆ ಅಧಿಕಾರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಡುವೆ ಅವರಿಗೆ ಗದಗಕ್ಕೆ ವರ್ಗವಾಯಿತು. ನಂಬರ್ ಬದಲಿಸುವ ಅರ್ಜಿ ಇನ್ನೂ ಎಲ್ಲೋ ಮೇಜಿನ ಮೇಲಿದೆ. ಈ ಕೆಲಸಕ್ಕೂ ಅವರಿಗೂ ಈಗ ಸಂಬಂಧವೇ ಇಲ್ಲ, ಆದರೂ ಒಟಿಪಿ ಕಳಿಸುತ್ತಾರೆ. ಹಬ್ಬದ ದಿನವೂ ಕಳಿಸಿದ್ದಾರೆ, ಜೊತೆಗೆ "ಇವತ್ತೂ ಕೆಲಸಾನಾ?" ಅಂತ ಬೈಗುಳ.

ಐದಕ್ಕೆ ಮೂರು ಸ್ಟಾರ್. ನಮ್ಮ ಬಜೆಟ್‌ಗೆ ಪುಕ್ಕಟೆ ಸಿಗುವ ಜಾಗ ಬಿಡಲು ಆಗುವುದಿಲ್ಲ, ಇಪ್ಪತ್ತು ಜನರ ಟೀಮ್ ಇದ್ದವರು ಮಾತ್ರ ಇದರ ಸಹವಾಸ ಮಾಡಬೇಡಿ. ತೆಗೆದುಕೊಳ್ಳುವವರು ಪ್ರತಿಯೊಬ್ಬ ಹುಡುಗನಿಗೂ ಬೇರೆ ಲಾಗಿನ್ ಬೇಕು ಅಂತ ಕೆಲಸ ಶುರುವಾಗುವ ಮೊದಲೇ ಪತ್ರ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.